ಆಫ್ರಿಕಾದ ಗಾಸ್ಪೆಲ್ (ಕ್ರೈಸ್ತ ಭಕ್ತಿ) ಡ್ಯಾನ್ಸ್ ಹಾಡು ನಮ್ ಕ್ವಾಯರಲ್ಲಿ ಆಗುತ್ತಾ?

ವಿರಾಜಪೇಟೆ_ಕ್ವಾಯರ್
ನಮಸ್ಕಾರ ಎಲ್ರಿಗೂ. ನಮ್ ಚರ್ಚ್ ಯೂತ್‌ನವ್ರು ಕ್ರಿಸ್ಮಸ್ ಪ್ರೋಗ್ರಾಂಗೆ 'ಜೆರುಸಲೇಮಾ' ಅನ್ನೋ ಸೌತ್ ಆಫ್ರಿಕಾದ ಹಾಡಿಗೆ ಕುಣೀಬೇಕು ಅಂತ ಹಠ ಹಿಡಿದಿದಾರೆ. ಅದೂ ಬರೀ ಟ್ರ್ಯಾಕ್ ಹಾಕ್ಕೊಂಡು ಅಲ್ಲ, ಅದೇ ಥರ ಬೀಟಲ್ಲಿ ನಾವೇ ಒಂದು ಕನ್ನಡ ಭಕ್ತಿಗೀತೆನೂ ಹಾಡೋದು ಅಂತ. ಕೀಬೋರ್ಡಲ್ಲಿ ಡ್ಯಾನ್ಸ್ ರಿದಮ್ ಆನ್ ಮಾಡಿ ಮೇಲೆ ಹಾಡಿ ನೋಡಿದ್ವಿ, ಮದುವೆ ಆರ್ಕೆಸ್ಟ್ರಾ ಥರ ಕೇಳ್ತಿದೆ. ಹಿರಿಯರು ಬೇರೆ ಇದೇನ್ ಚರ್ಚಾ ಡಿಜೆನಾ ಅಂತಿದಾರೆ. ಆಫ್ರಿಕಾದವ್ರ ಹಾಡಲ್ಲಿ ಪ್ರಾರ್ಥನೆನೂ ಕುಣಿತನೂ ಒಟ್ಟಿಗೇ ಬರುತ್ತಲ್ಲ, ಅದು ಹೇಗೆ?

ತೋಟದಮನೆ
ಅಲ್ಲಿ ಕುಣಿತ ಆಮೇಲೆ ಸೇರ್ಸಿದ್ದಲ್ಲ ಬ್ರದರ್, ಚರ್ಚಲ್ಲಿ ಹಾಡೋವಾಗ್ಲೇ ಮೈ ಆಡ್ತಿರುತ್ತೆ. ಸೌತ್ ಆಫ್ರಿಕಾದ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ತಂಡದ ಹಳೇ ವಿಡಿಯೋ ನೋಡಿ, ಒಂದೂ ವಾದ್ಯ ಇಲ್ಲ, ದೇವರ ಹಾಡೂ ಹಾಡ್ತಾರೆ, ಸಾಲಾಗಿ ನಿಂತು ಎಲ್ರೂ ಒಟ್ಟಿಗೆ ಕಾಲೆತ್ತಿ ಬೀಸಿ ಮತ್ತೆ ಮೆಲ್ಲಗೆ ನೆಲಕ್ಕಿಡ್ತಾರೆ. ಇನ್ನು ಜೆರುಸಲೇಮಾದ ಬೀಟು ಬಂದಿದ್ದು ಹೌಸ್ ಮ್ಯೂಸಿಕ್ಕಿಂದ, ಅಂದ್ರೆ ಕ್ಲಬ್ಬಲ್ಲಿ ಕುಣಿಯೋ ಎಲೆಕ್ಟ್ರಾನಿಕ್ ಸಂಗೀತ, ಅದು 1980ರ ದಶಕದಲ್ಲಿ ಅಮೆರಿಕದ ಶಿಕಾಗೋ ಕ್ಲಬ್ಬುಗಳಲ್ಲಿ ಹುಟ್ಟಿದ್ದು, ಅದರಲ್ಲಿ ಹಾಡಿದವ್ರು ಎಷ್ಟೋ ಜನ ಚರ್ಚ್ ಕ್ವಾಯರಲ್ಲೇ ಗಂಟಲು ಪಳಗಿಸ್ಕೊಂಡವ್ರು. ಅದು ಸೌತ್ ಆಫ್ರಿಕಾಗೆ ಹೋಗಿ 90ರ ದಶಕದಲ್ಲಿ ಸ್ಪೀಡ್ ಇಳಿಸ್ಕೊಂಡು ಕ್ವೈಟೊ ಅನ್ನೋ ಶೈಲಿ ಆಯ್ತು, ಅದಾದ್ಮೇಲೆ ಈಗಿನ ಅಮಾಪಿಯಾನೋ ಶೈಲಿ. ಹಿರಿಯರಿಗೆ ಇದೊಂದು ಹೇಳಿ: ಗಾಸ್ಪೆಲ್ಲಿಗೆ ತಂದೆ ಅನ್ಸ್ಕೊಂಡ ಥಾಮಸ್ ಡಾರ್ಸಿನೇ ಮೊದ್ಲು ಬ್ಲೂಸ್ ಪಿಯಾನೋ ನುಡಿಸ್ತಿದ್ದವ್ರು, ಶುರುನಲ್ಲಿ ಅವ್ರ ಹಾಡು ಬೇಡ ಅಂದ ಚರ್ಚುಗಳೂ ಇದ್ವು.

ಮಡಿಕೇರಿ_ಮಂಜು
ಜೆರುಸಲೇಮಾ ಗಾಸ್ಪೆಲ್ ಅಂತ ಯಾರಂದ್ರು? ಅದನ್ನ ಮಾಡಿದ ಮಾಸ್ಟರ್ ಕೆಜಿ ಸೌತ್ ಆಫ್ರಿಕಾದ ಲಿಂಪೊಪೊ ಕಡೆಯ ಡ್ಯಾನ್ಸ್ ಮ್ಯೂಸಿಕ್ ಪ್ರೊಡ್ಯೂಸರ್, ಹಾಡಿದ್ದು ನೋಮ್ಸೆಬೊ ಜಿಕೋಡೆ, ಬಂದಿದ್ದು 2019ರ ಕೊನೆಗೆ. ಮಾತು ಪ್ರಾರ್ಥನೆನೇ, ಒಪ್ತೀನಿ, ಜುಲು ಭಾಷೆಲಿ ಜೆರುಸಲೇಮೇ ನನ್ ಮನೆ, ಕಾಪಾಡು, ಇಲ್ಲೇ ಬಿಟ್ಟೋಗ್ಬೇಡ ಅಂತೆಲ್ಲ ಇದೆ. ಆದ್ರೆ ಲೋಕ ಪೂರ್ತಿ ಹಬ್ಬಿದ್ದು 2020ರಲ್ಲಿ ಅಂಗೋಲಾದ ಡ್ಯಾನ್ಸ್ ತಂಡದವ್ರು ಊಟದ ತಟ್ಟೆ ಕೈಲಿ ಹಿಡ್ಕೊಂಡೇ ಸ್ಟೆಪ್ ಹಾಕಿದ ವಿಡಿಯೋದಿಂದ, ಆಮೇಲೆ ಲಾಕ್‌ಡೌನಲ್ಲಿ ನರ್ಸ್‌ಗಳು ಪೊಲೀಸ್ರು ಎಲ್ರೂ ಕುಣಿದ್ರು. ಅವ್ರಲ್ಲಿ ಎಷ್ಟ್ ಜನಕ್ಕೆ ಇದು ದೇವರ ಹಾಡು ಅಂತ ತಲೇಲಿತ್ತು ಹೇಳಿ. ನನ್ ತಕರಾರು ಇಷ್ಟೇ, ಬೀಟ್ ಜೋರಾದ್ರೆ ಮಾತು ಯಾರ್ ಕಿವಿಗೂ ಬೀಳಲ್ಲ.

ಆಲ್ಟೊ_ಅಕ್ಕ
ಮಂಜು ಅವ್ರೆ, ನೋಮ್ಸೆಬೊ ಧ್ವನಿ ಒಂದ್ಸಲ ಹೆಡ್‌ಫೋನಲ್ಲಿ ಕೇಳಿ. ಬೀಟ್ ನಿಮಿಷಕ್ಕೆ 120ರ ಮೇಲೆ ಓಡ್ತಿದ್ರೂ ಆಯಮ್ಮ ಓಡಲ್ಲ, ಸಾಲನ್ನ ನಿಧಾನಕ್ಕೆ ಎಳೆದು ಕೊನೇಲಿ ಬೇಡ್ಕೊಳ್ಳೋ ಥರ ಬಿಡ್ತಾಳೆ. ಕಾಲಿಗೊಂದು ವೇಗ, ಗಂಟಲಿಗೊಂದು ವೇಗ, ಮಾತು ಮುಳುಗದೇ ಇರೋದು ಅದಕ್ಕೇ.

ಕ್ವಾಯರ್‌ನವ್ರೆ, ನೀವು ಮಾಡ್ತಿರೋದು ಉಲ್ಟಾ ಆಗ್ತಿದೆ, ಬೀಟ್ ಹಾಕಿ ಹಾಡನ್ನ ಅದರ ಹಿಂದೆ ಓಡಿಸ್ತಿದೀರ. ಮೊದ್ಲು ಕೀಬೋರ್ಡ್ ಆಫ್ ಮಾಡಿ. ಒಬ್ರು ಒಂದು ಸಾಲು ಹಾಡ್ಲಿ, ಉಳಿದವ್ರು ಚಿಕ್ಕದಾಗಿ ಉತ್ತರ ಕೊಡ್ಲಿ, 'ಕರುಣಿಸು ದೇವಾ' ಅಷ್ಟೇ ಸಾಕು, ಅದನ್ನೇ ಮತ್ತೆ ಮತ್ತೆ, ಚಪ್ಪಾಳೆ ಮಾತ್ರ. ಅದರಲ್ಲೇ ಮೈ ಆಡೋಕೆ ಶುರುವಾಗ್ಬೇಕು, ಆಗ್ಲಿಲ್ಲ ಅಂದ್ರೆ ಯಾವ ಬೀಟ್ ಹಾಕಿದ್ರೂ ಆಗಲ್ಲ. ಆಮೇಲೆ ಬೇಸ್ ತನ್ನಿ. ಜೆರುಸಲೇಮಾ ಸ್ಪೀಡ್ ಕಷ್ಟ ಆದ್ರೆ ಅಮಾಪಿಯಾನೋ ಹಿಡೀರಿ, ನಿಮಿಷಕ್ಕೆ ಸುಮಾರು 110-115 ಬೀಟ್, ಲಾಗ್ ಡ್ರಮ್ ಅನ್ನೋ ದುಮ್ಮ್ ಅಂತ ಜಾರೋ ಬೇಸ್ ಸದ್ದು, ನಡುವೆ ಬೇಕಾದಷ್ಟು ಜಾಗ ಇರುತ್ತೆ, ನಮ್ ವಯಸ್ಸಿನವ್ರಿಗೂ ಏದುಸಿರು ಬರಲ್ಲ. ನೈಜೀರಿಯಾದ ಗಾಯಕ ಲಿಮೋಬ್ಲೇಜ್‌ನೂ ಕೇಳಿ, ಆತ ಆಫ್ರೋಬೀಟ್ಸ್ ಅನ್ನೋ ಅಲ್ಲಿನ ಪಾಪ್ ಶೈಲಿಯಲ್ಲೇ ನೇರವಾಗಿ ದೇವರ ಹಾಡು ಮಾಡೋದು, ಗಾಸ್ಪೆಲ್ ಹೌದಾ ಅಲ್ವಾ ಅನ್ನೋ ಜಗಳನೇ ಬರಲ್ಲ.

ನಾಪೋಕ್ಲು_ಹುಡುಗ
ಕೊಡಗಲ್ಲಿ ಕೂತ್ಕೊಂಡು ದೇವರ ಮುಂದೆ ಕುಣಿಯೋದು ತಪ್ಪಾ ಅಂತ ಕೇಳ್ತಿದಾರಲ್ಲ ನಿಮ್ ಹಿರಿಯರು 😄 ಹುತ್ತರಿ ಸುಗ್ಗಿ ಹಬ್ಬಕ್ಕೆ ಮಂದಲ್ಲಿ (ಊರ ಮೈದಾನದಲ್ಲಿ) ಕೋಲಾಟ ಆಡೋದು ಏನದು ಮತ್ತೆ? ದುಡಿ ಬಡೀತಾ ಹಾಡೋ ಕೊಡವರ ದುಡಿ ಕೊಟ್ಟ್ ಪಾಟಲ್ಲೂ ದೇವರನ್ನ ನೆನೆಸಿನೇ ಮುಂದಕ್ಕೆ ಹೋಗೋದು. ವಾಲಗ ಶುರುವಾದ್ರೆ ಅಜ್ಜಿ ತಾತನೂ ಕೂತಿರಲ್ಲ.

ಮಡಿಕೇರಿ_ಮಂಜು
ಕೋಲಾಟ ಮಂದಲ್ಲಿ ಆಡೋದು, ಪೂಜೆ ಹೊತ್ತಲ್ಲಿ ಗುಡಿ ಒಳಗಲ್ಲ. ಚರ್ಚ್ ಹೊರಗೆ ಸ್ಟೇಜ್ ಹಾಕಿ ಕುಣೀರಿ, ನಾನೇ ಚಪ್ಪಾಳೆ ಹೊಡೀತೀನಿ, ಪೂಜೆ ನಡುವೆ ಮಾತ್ರ ಬೇಡ.

ವಿರಾಜಪೇಟೆ_ಕ್ವಾಯರ್
ಪೂಜೆ ಮುಗಿದ್ಮೇಲೆ ಅಂಗಳದಲ್ಲೇ ಸರ್ ಪ್ರೋಗ್ರಾಂ, ಅದನ್ನ ಮೊದ್ಲೇ ಬರೀಬೇಕಿತ್ತು. ಅಕ್ಕ ಹೇಳಿದ ಹಾಗೆ ನಿನ್ನೆ ಬರೀ ಚಪ್ಪಾಳೇಲಿ ಹಾಡಿದ್ವಿ, ನಮ್ಮಲ್ಲಿ ಕೊಂಕಣಿ ಮಲಯಾಳಂ ತಮಿಳು ಮನೆಯವ್ರೆಲ್ಲ ಇದಾರೆ, ಸಣ್ಣ ಸಾಲಾದ್ರಿಂದ ಎಲ್ರೂ ಬೇಗ ಹಿಡ್ಕೊಂಡ್ರು. ಬೇಸ್ ಗಿಟಾರ್ ನುಡಿಸೋ ಹುಡುಗ ಮಾತ್ರ ಕಾಫಿ ಕೊಯ್ಲು ಅಂತ ಸಿಗ್ತಿಲ್ಲ. ವಿಡಿಯೋ ಯೂಟ್ಯೂಬಿಗೆ ಹಾಕ್ಬಹುದಾ?

ತೋಟದಮನೆ
ನಿಮ್ ಸ್ವಂತ ಹಾಡು ಧಾರಾಳವಾಗಿ ಹಾಕಿ. ಜೆರುಸಲೇಮಾ ಡ್ಯಾನ್ಸ್ ಹಾಕೋ ಮುಂಚೆ ಯೋಚ್ನೆ ಮಾಡಿ, 2021ರಲ್ಲಿ ಜರ್ಮನಿಲಿ ಅದಕ್ಕೆ ಕುಣಿದು ವಿಡಿಯೋ ಹಾಕಿದ ಪೊಲೀಸ್ ಇಲಾಖೆಗೇ ಲೈಸೆನ್ಸ್ ದುಡ್ಡು ಕಟ್ಟಿ ಅಂತ ರೆಕಾರ್ಡ್ ಕಂಪನಿ ಕೇಳಿತ್ತು.