ಸೂರ್ಯಾಸ್ತದ ಫೋಟೋ: ಸೂರ್ಯ ಬಿಳಿ ಬೊಟ್ಟು, ನೀರಿನ ಮೇಲೆ ಹಸಿರು ಚುಕ್ಕೆ

ಪ್ರಶ್ನೆ: ಆಂಡ್ರಾಯ್ಡ್ ಫೋನ್, ಕ್ಯಾಮೆರಾ ಆಟೋದಲ್ಲಿದೆ. ಮಲ್ಪೆ ಬೀಚಿನಲ್ಲಿ ಕಣ್ಣಿಗೆ ಕೆಂಡದ ಹಾಗೆ ಕಾಣುವ ಸೂರ್ಯ ಫೋಟೋದಲ್ಲಿ ಬರೀ ಬಿಳಿ ಬೊಟ್ಟು, ಆಕಾಶ ಸಪ್ಪೆ. ಕೆಲವದರಲ್ಲಿ ನೀರಿನ ಮೇಲೊಂದು ಹಸಿರು ಚುಕ್ಕೆ. ಸೆಟ್ಟಿಂಗ್ ಹುಡುಕುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಲೆನ್ಸ್ ಹಾಳಾಗಿದೆಯಾ?

ಉತ್ತರ 1: ಲೆನ್ಸಿಗೇನೂ ಆಗಿಲ್ಲ ಮಾರಾಯ್ರೇ. ಮರಳು, ಬೋಟುಗಳು ಕಪ್ಪಾಗಿ ಕಂಡದ್ದಕ್ಕೆ ಫೋನ್ ಅವನ್ನು ಬೆಳಗಿಸಲು ಹೋಗಿ ಆಕಾಶವನ್ನು ಸುಡುತ್ತದೆ. ಬಿಳಿಯಾಗಿ ಸುಟ್ಟ ಜಾಗಕ್ಕೆ ಎಡಿಟ್ ಮಾಡಿ ಬಣ್ಣ ತರಲು ಆಗುವುದಿಲ್ಲ. ಕಪ್ಪಾದದ್ದನ್ನು ಮಾತ್ರ ಸ್ವಲ್ಪ ಎತ್ತಬಹುದು. ಹಾಗಾಗಿ ಫೋಟೋ ತುಸು ಕಪ್ಪಾದರೂ ಅಡ್ಡಿಯಿಲ್ಲ.

ಸೂರ್ಯನ ಮೇಲಲ್ಲ, ಅವನ ಪಕ್ಕದ ಆಕಾಶದ ಮೇಲೆ ಬೆರಳಿಟ್ಟು ಬೀಗದ ಗುರುತು ಬರುವವರೆಗೆ ಒತ್ತಿ ಹಿಡಿಯಿರಿ. ಆಮೇಲೆ ಬೆಳಕಿನ ಗೆರೆಯನ್ನು ಇಳಿಸುತ್ತಾ ಬನ್ನಿ, ಮೋಡದ ಅಂಚು ಎಳೆ ಎಳೆಯಾಗಿ ಕಂಡಾಗ ನಿಲ್ಲಿಸಿ. ಅಂಕಿ ತೋರಿಸುವ ಫೋನಾದರೆ ಮೈನಸ್ 1ರಿಂದ ಮೈನಸ್ 1.5ರ ನಡುವೆ.

ಸಪ್ಪೆ ಬಣ್ಣಕ್ಕೆ ಕಾರಣ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಫೋನ್ ತಾನೇ ಬಣ್ಣ ಸರಿಪಡಿಸುವ ವ್ಯವಸ್ಥೆ. ಎಲ್ಲೆಲ್ಲೂ ಹಳದಿ ಕಂಡರೆ ಅದನ್ನು ದೋಷವೆಂದುಕೊಂಡು ನೀಲಿ ಬೆರೆಸುತ್ತದೆ. ಎಲ್ಲವನ್ನೂ ಕೈಯಿಂದ ಹೊಂದಿಸುವ ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸ್ 5500ರಿಂದ 6000 ಕೆಲ್ವಿನ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 50 ಅಥವಾ 100 ಇಡಿ. ನಮ್ಮ ಕರಾವಳಿಯಲ್ಲಿ ಸೂರ್ಯನ ಬಿಂಬ ಕಡಲಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡೂವರೆ ನಿಮಿಷವೂ ಹಿಡಿಯುವುದಿಲ್ಲ. ಇದನ್ನೆಲ್ಲ ಮನೆಯಲ್ಲೇ ಹೊಂದಿಸಿ, ಕ್ಯಾಮೆರಾ ಮುಚ್ಚಿದರೂ ಸೆಟ್ಟಿಂಗ್ ಉಳಿಯುವಂತೆ ಮಾಡಿಕೊಳ್ಳಿ. ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುವ ಸೌಲಭ್ಯವನ್ನೂ ಆನ್ ಮಾಡಿ.

ಪ್ರಶ್ನೆ: ಮೈನಸ್ 1ರಲ್ಲಿ ಕೆಂಪು ಬಂತು, ಧನ್ಯವಾದ. ಹಸಿರು ಚುಕ್ಕೆ ಹಾಗೇ ಇದೆ.

ಉತ್ತರ 2: ಅದು ಲೆನ್ಸಿನ ಒಳಗೆ ಪ್ರತಿಫಲಿಸಿದ ಸೂರ್ಯನೇ. ಸೂರ್ಯ ಮೇಲೆ ಎಡಗಡೆ ಇದ್ದರೆ ಚುಕ್ಕೆ ಕೆಳಗೆ ಬಲಗಡೆ, ಚಿತ್ರದ ನಡುಬಿಂದುವಿನಿಂದ ಅಷ್ಟೇ ದೂರದಲ್ಲಿ ಕೂತಿರುತ್ತದೆ. ಸೂರ್ಯನನ್ನು ಸರಿಯಾಗಿ ನಡುವಿಗೆ ತಂದರೆ ಚುಕ್ಕೆ ಅವನಲ್ಲೇ ಅಡಗುತ್ತದೆ, ಆಮೇಲೆ ಬೇಕಾದ ಹಾಗೆ ಕ್ರಾಪ್ ಮಾಡಿ. ಅಥವಾ ಒಂದು ಹೆಜ್ಜೆ ಸರಿದು ಅವನನ್ನು ತೆಂಗಿನ ಕಾಂಡದ ಹಿಂದೆ ಅರ್ಧ ಮರೆಮಾಡಿ, ಚುಕ್ಕೆ ತುಂಬ ಮಂಕಾಗುತ್ತದೆ. ಕ್ಯಾಮೆರಾದ ಮೇಲೆ ಅಂಟಿಸಿದ ಗ್ಲಾಸ್ ಇದ್ದರೆ ಕಿತ್ತುಹಾಕಿ, ಅದರಿಂದ ಚುಕ್ಕೆಗಳು ಹೆಚ್ಚುತ್ತವೆ.

ಚುಕ್ಕೆಯಲ್ಲದೆ ಇಡೀ ಫೋಟೋ ಹಾಲು ಚೆಲ್ಲಿದಂತೆ ಮಸುಕಾದರೆ ಅದು ಕಡಲ ಗಾಳಿಯ ಉಪ್ಪು. ಒಣ ಅಂಗಿಯ ತುದಿಯಿಂದ ಉಜ್ಜಬೇಡಿ, ಗೀರು ಬೀಳಬಹುದು. ಮೆತ್ತಗಿನ ಬಟ್ಟೆಯ ಮೂಲೆಯನ್ನು ಕುಡಿಯುವ ನೀರಲ್ಲಿ ಒದ್ದೆ ಮಾಡಿ ಮೊದಲು ಒತ್ತಿ ತೆಗೆಯಿರಿ, ಆಮೇಲೆ ಒರೆಸಿ. ಏಸಿ ಕಾರಿನಿಂದ ಇಳಿದ ಕೂಡಲೇ ಮಸುಕಾದರೆ ಅದು ಹಬೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ, ಐದು ನಿಮಿಷ ಫೋನನ್ನು ಗಾಳಿಗೆ ಹಿಡಿಯಿರಿ.

ಉತ್ತರ 3: ಸೂರ್ಯ ಸಾಸಿವೆಯಷ್ಟೇ ಕಂಡರೆ ಬೇಸರ ಬೇಡ, ಆಕಾಶದಲ್ಲಿ ಅವನ ಅಗಲ ಬರೀ ಅರ್ಧ ಡಿಗ್ರಿ. ಬೆರಳಲ್ಲಿ ಎಳೆದು ಝೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಫೋನಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸ್ ಇದ್ದರೆ ಅದನ್ನೇ ಹಾಕಿ, ಸೂರ್ಯನ ಮುಂದೆ ಬರುವ ವಸ್ತುವಿನಿಂದ ದೂರ ಹೋಗಿ, ಆಗ ಅದರ ಪಕ್ಕದಲ್ಲಿ ಅವನು ದೊಡ್ಡದಾಗಿ ಕಾಣುತ್ತಾನೆ. ಉಡುಪಿ ಜಿಲ್ಲೆಯ ಕಾಪುವಿನ 1901ರ ದೀಪಸ್ತಂಭ ಇದಕ್ಕೆ ಹೇಳಿ ಮಾಡಿಸಿದ್ದು. ಡಿಸೆಂಬರಿನಲ್ಲಿ ಸೂರ್ಯ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಸ್ತಂಭದ ಎದುರು ನಿಂತರೆ ಅವನು ಎಡಕ್ಕೆ ಜಾರಿರುತ್ತಾನೆ, ಮರಳಿನಲ್ಲಿ ಉತ್ತರಕ್ಕೆ ನಡೆದು ನಿಲ್ಲಿ.

ಮುಳುಗಿದ ಕೂಡಲೇ ಹೊರಡಬೇಡಿ. ಮೇಲಿನ ಮೋಡಕ್ಕೆ ಗಾಢ ಕೆಂಪು ಬರುವುದು ಹೆಚ್ಚಾಗಿ ಆಮೇಲಿನ ಹತ್ತು ಹದಿನೈದು ನಿಮಿಷದಲ್ಲಿ. ಆಗ ಮೈನಸ್ 0.5 ಸಾಕು, ಫೋನನ್ನು ಬ್ಯಾಗಿಗೆ ಒರಗಿಸಿ ಮೂರು ಸೆಕೆಂಡಿನ ಟೈಮರ್ ಹಾಕಿ.