ಸಹಾಯ ಬೇಕು: ನಾವು ಕಳುಹಿಸದ ಇ-ಮೇಲ್‌ಗಳು ನಮಗೇ ಹಿಂದಿರುಗುತ್ತಿವೆ

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ತಂದೆಯವರ ಲೆಕ್ಕಪತ್ರಗಳೆಲ್ಲವೂ ಮನೆಯ ವಿಂಡೋಸ್ 10 ಕಂಪ್ಯೂಟರಿನಲ್ಲಿವೆ. ಇತ್ತೀಚೆಗೆ ಅವರ ಇ-ಮೇಲ್‌ಗೆ ಬಿಲ್, ಕೊರಿಯರ್ ರಸೀದಿ ಎಂಬ ಹೆಸರಿನ ಲಗತ್ತುಗಳು ಎಡೆಬಿಡದೆ ಬರುತ್ತಿವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ ಅಂಥದೊಂದು ಫೈಲ್ ನೋಡಲು ಪಿಡಿಎಫ್‌ನಂತೆಯೇ ಇತ್ತು; ಫೈಲ್ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡದಂತೆ ಸೆಟ್ಟಿಂಗ್ ಬದಲಿಸಿದ ಮೇಲಷ್ಟೇ ಅಲ್ಲಿ ‘.ಪಿಡಿಎಫ್.ಇಎಕ್ಸ್‌ಇ’ ಎಂದಿರುವುದು, ಅಂದರೆ ಅದು ದಾಖಲೆಯಲ್ಲ, ತೆರೆದೊಡನೆ ಓಡುವ ಪ್ರೋಗ್ರಾಂ ಎಂಬುದು ಕಂಡಿತು. ಅದನ್ನು ತೆರೆಯದೆ ಅಳಿಸಿದ್ದೇವೆ.

ನಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ತಂದೆಯವರು ಬರೆಯದೇ ಇರುವ ಪತ್ರಗಳು ‘ತಲುಪಲಿಲ್ಲ’ ಎಂಬ ಸೂಚನೆಯೊಂದಿಗೆ ಹಿಂದಿರುಗುತ್ತಿವೆ. ಕಳುಹಿಸಿದವರ ವಿಳಾಸವನ್ನು ಯಾರು ಬೇಕಾದರೂ ನಕಲಿ ಮಾಡಬಹುದಾದ್ದರಿಂದ ಇದೊಂದರಿಂದಲೇ ಕಂಪ್ಯೂಟರಿಗೆ ವೈರಸ್ ತಗುಲಿದೆ ಎನ್ನಲಾಗದು. ಹಾಗೆಂದು ಕಳುಹಿಸಿದ ಪತ್ರಗಳಿರುವ ‘ಸೆಂಟ್’ ಫೋಲ್ಡರ್ ಖಾಲಿಯಿದೆ ಎಂದು ನೆಮ್ಮದಿಯಿಂದಿರುವುದೂ ಸರಿಯಲ್ಲ, ಏಕೆಂದರೆ ಕೆಲವು ವೈರಸ್‌ಗಳು ಅಲ್ಲಿ ಗುರುತು ಉಳಿಸದೆ ನೇರವಾಗಿಯೇ ಪತ್ರ ಕಳುಹಿಸುತ್ತವೆ. ಪಾಸ್‌ವರ್ಡನ್ನು ಫೋನಿನಿಂದ ಬದಲಿಸಿ, ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿದ್ದೇವೆ. ವಿಂಡೋಸ್ ಜೊತೆಗೇ ಬರುವ ವೈರಸ್ ತಡೆ ತಂತ್ರಾಂಶವಾದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆಯಲ್ಲಿ) ಏನೂ ಸಿಗಲಿಲ್ಲ.

ಹಿಂದಿರುಗಿದ ಪತ್ರದ ಹೆಡರ್‌ನಲ್ಲಿರುವ (ಪತ್ರದ ಜೊತೆ ಬರುವ ತಾಂತ್ರಿಕ ವಿವರದಲ್ಲಿರುವ) ‘ರಿಸೀವ್ಡ್’ ಸಾಲುಗಳನ್ನು, ಅಂದರೆ ಪತ್ರ ಯಾವ ಸರ್ವರ್‌ಗಳ ಮೂಲಕ ಬಂತೆಂಬ ದಾಖಲೆಯನ್ನು ಓದಿ, ಅದು ನಮ್ಮ ಮನೆಯಿಂದಲೇ ಹೊರಟಿತೇ ಎಂದು ತಿಳಿಯುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ (ಎಲ್ಲರಿಗೂ ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಮ್ಮ ಹಳೆಯ ಯಂತ್ರ ವಿಂಡೋಸ್ 11ನ್ನು ಒಪ್ಪುತ್ತಿಲ್ಲ. ಟ್ಯಾಲಿ ಲೆಕ್ಕಗಳನ್ನು ಇದರಲ್ಲೇ ಇಟ್ಟು, ಇ-ಮೇಲನ್ನು ಮಾತ್ರ ಬೇರೆಡೆ ನೋಡಿದರೆ ಸಾಕೇ? ತಿಪಟೂರು ಅಥವಾ ತುಮಕೂರಿನಲ್ಲಿ ಮನೆಗೇ ಬಂದು ಪರೀಕ್ಷಿಸಬಲ್ಲವರಿದ್ದರೂ ತಿಳಿಸಿ.