ಚಾರ್ಟರ್ ಶಾಲೆಯ ವಿವರಪಟ್ಟಿ: ದಾಖಲಾತಿಯೋ, ಪ್ರವೇಶವೋ?

ಪ್ರಶ್ನೆ: ಲಾಸ್ ಏಂಜಲಿಸ್‌ನ ಚಾರ್ಟರ್ ಶಾಲೆಯೊಂದರ (ಸರ್ಕಾರದ ಹಣದಲ್ಲಿ, ಸ್ವಂತ ಆಡಳಿತ ಮಂಡಳಿಯಡಿ ನಡೆಯುವ ಶಾಲೆ) ವಿದ್ಯಾರ್ಥಿ ವಿವರಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಎನ್‌ರೋಲ್‌ಮೆಂಟ್' ಎಂಬಲ್ಲಿ ಪ್ರವೇಶ ಎನ್ನಬೇಕೋ, ದಾಖಲಾತಿ ಎನ್ನಬೇಕೋ? 'ಫ್ರೀ ಆರ್ ರೆಡ್ಯೂಸ್ಡ್ ಪ್ರೈಸ್ ಮೀಲ್ಸ್' ಎಂಬ ಸಾಲಿಗೆ 'ಬಿಸಿಯೂಟದ ಫಲಾನುಭವಿಗಳು' ಎಂದರೆ ಸಾಕೇ?

ಉತ್ತರ: ದಾಖಲಾತಿಯೇ ಸರಿ. ಪ್ರವೇಶ ಬೇರೆ ಸಂಗತಿ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚಾರ್ಟರ್ ಶಾಲೆ ಲಾಟರಿ ಎತ್ತಬೇಕು. ಅಲ್ಲಿ ಸೀಟು ಸಿಕ್ಕವರೆಲ್ಲ ಬಂದು ಸೇರುತ್ತಾರೆಂದೇನಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ತಿಂಗಳ ಮೊದಲ ಬುಧವಾರ ತಲೆ ಎಣಿಕೆ ನಡೆಯುತ್ತದೆ. ಪಟ್ಟಿಯಲ್ಲಿ ಕಾಣುವ ದಾಖಲಾತಿ ಆ ಒಂದು ದಿನದ್ದು. ಶಾಲೆಗೆ ಹಣ ಬರುವುದು ಮಾತ್ರ ಸರಾಸರಿ ದಿನದ ಹಾಜರಾತಿಯ ಮೇಲೆ. ದಾಖಲಾತಿ 500 ಇದ್ದು ಹಾಜರಾತಿ ಶೇ. 92 ಆದರೆ, ಮುಖ್ಯ ಅನುದಾನದ ಲೆಕ್ಕಕ್ಕೆ ಸಿಗುವುದು 460 ಮಕ್ಕಳು. ಹಾಗಾಗಿ ಈ ಮೂರು ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಹಾಕಬೇಡಿ.

'ಬಿಸಿಯೂಟದ ಫಲಾನುಭವಿಗಳು' ಬೇಡವೇ ಬೇಡ. ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮನೆಯ ಆದಾಯ ಕೇಳುವುದಿಲ್ಲ. ಅಲ್ಲಿನ ಆ ಸಾಲು ಹೇಳುವುದೇ ಆದಾಯವನ್ನು: ಕುಟುಂಬದ ಆದಾಯ ಅಮೆರಿಕದ ಕೇಂದ್ರ ಸರ್ಕಾರದ ಬಡತನ ರೇಖೆಯ ಶೇ. 130ರೊಳಗಿದ್ದರೆ ಊಟ ಉಚಿತ, 130ರಿಂದ 185ರವರೆಗೆ ರಿಯಾಯಿತಿ ದರ. ಕ್ಯಾಲಿಫೋರ್ನಿಯಾದಲ್ಲಿ 2022-23ರಿಂದ ಪಬ್ಲಿಕ್ (ಅಂದರೆ ಸರ್ಕಾರದ ಹಣದಲ್ಲಿ ನಡೆಯುವ) ಶಾಲೆಯ ಎಲ್ಲ ಮಕ್ಕಳಿಗೂ, ಚಾರ್ಟರ್ ಶಾಲೆಯವರಿಗೂ, ಊಟ ಉಚಿತ. ಊಟ ಮಾಡುವವರು ಎಲ್ಲರೂ, ಈ ಸಾಲಿಗೆ ಸೇರುವವರು ಕೆಲವರು. 'ಆದಾಯದ ಆಧಾರದಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರು' ಎಂದು ಬರೆಯಿರಿ. ಉದ್ದವಾಯಿತು, ಆದರೆ ಓದುಗರು ದಾರಿ ತಪ್ಪುವುದಿಲ್ಲ. ಪಕ್ಕದಲ್ಲೇ 'ಸಾಮಾಜಿಕ-ಆರ್ಥಿಕವಾಗಿ ಹಿಂದುಳಿದವರು' ಎಂಬ ಸಾಲೂ ಇರಬಹುದು. ಅದು ಇನ್ನೂ ಅಗಲ: ತಂದೆತಾಯಿ ಇಬ್ಬರೂ ಹೈಸ್ಕೂಲು ಮುಗಿಸದ ಮಕ್ಕಳೂ ಅದರಲ್ಲಿ ಸೇರುತ್ತಾರೆ. ಎರಡನ್ನೂ 'ಬಡ ಮಕ್ಕಳು' ಎಂದು ಒಂದು ಮಾಡಿದರೆ ಅಂಕಿಗಳು ತಾಳೆಯಾಗುವುದಿಲ್ಲ.

'ಇಂಗ್ಲಿಷ್ ಲರ್ನರ್' ಸಾಲಿನಲ್ಲೂ ಹೀಗೇ ಎಡವುವುದುಂಟು. ಶಾಲೆಗೆ ಸೇರಿಸುವಾಗ ತುಂಬುವ ಮನೆಮಾತಿನ ಫಾರಂನಲ್ಲಿ ಪೋಷಕರು ಕನ್ನಡ ಎಂದು ಬರೆದರೆ, ಮಗುವಿಗೆ 30 ದಿನದೊಳಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಅದರಲ್ಲಿ ಸಾಕಷ್ಟು ಅಂಕ ಬಾರದ ಮಗು ಮಾತ್ರ ಈ ಸಾಲಿಗೆ ಬರುತ್ತದೆ. 'ಇಂಗ್ಲಿಷ್ ಮನೆಮಾತಲ್ಲದವರು' ಎಂದರೆ ತಪ್ಪು. 'ಇಂಗ್ಲಿಷ್ ಕಲಿಕಾ ಹಂತದವರು' ಎನ್ನಬಹುದು. ಜನಾಂಗೀಯ ಮೂಲ ತೋರಿಸುವ ಸಾಲುಗಳಲ್ಲಿ ಅದೇ ಕನ್ನಡದ ಮಗು 'ಏಷ್ಯನ್'. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು) ಎಂದು ಗುರುತಿಸಿಕೊಂಡವರು ಯಾವ ಬಣ್ಣದವರಾದರೂ 'ಹಿಸ್ಪಾನಿಕ್' ಎಂಬ ಒಂದೇ ಸಾಲಿಗೆ ಹೋಗುತ್ತಾರೆ. ಆದ್ದರಿಂದ 'ಬಿಳಿಯರು' ಎಂಬಲ್ಲಿ 'ಹಿಸ್ಪಾನಿಕೇತರ' ಎಂದು ಸೇರಿಸಲೇಬೇಕು.

ಇನ್ನು 'ಪಬ್ಲಿಕ್ ಚಾರ್ಟರ್'. ಬೆಂಗಳೂರಿನಲ್ಲಿ ಪಬ್ಲಿಕ್ ಸ್ಕೂಲ್ ಎಂಬ ಬೋರ್ಡು ಕಂಡರೆ ಹೆಚ್ಚಾಗಿ ಅದು ಶುಲ್ಕದ ಖಾಸಗಿ ಶಾಲೆ. 'ಅನುದಾನಿತ' ಎಂದರೂ ನಮ್ಮ ಸಂಬಳಾನುದಾನದ ವ್ಯವಸ್ಥೆಯೇ ಕಣ್ಣಮುಂದೆ ಬರುತ್ತದೆ. ಚಾರ್ಟರ್ ಶಾಲೆ ಎಂದೇ ಉಳಿಸಿಕೊಂಡು, ಮೊದಲ ಸಲ ಬಂದಾಗ 'ಸರ್ಕಾರದ ಹಣದಲ್ಲಿ, ಶುಲ್ಕವಿಲ್ಲದೆ, ಸ್ವಂತ ಆಡಳಿತ ಮಂಡಳಿಯಡಿ ನಡೆಯುವ ಶಾಲೆ' ಎಂದು ಬಿಡಿಸಿ ಹೇಳಿ.

ಪಟ್ಟಿಯಲ್ಲಿ ಕೆಲವೆಡೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಇದ್ದರೆ ಸೊನ್ನೆ ಎಂದುಕೊಳ್ಳಬೇಡಿ. ಗುಂಪಿನಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಅವರ ಗುರುತು ಹೊರಬೀಳದಿರಲೆಂದು ಅಂಕಿಯನ್ನು ಮುಚ್ಚಿಡುತ್ತಾರೆ. ಕನ್ನಡದಲ್ಲೂ ಆ ಚಿಹ್ನೆಯನ್ನೇ ಬಿಡಿ.